ಕಾಡಿಗೆ ಹೋಗುವಾಗ ಅಮ್ಮ ಹಾಕುತ್ತಿದ್ದ ಅಂಗಿ

ಆಷಾಢ ಬಂತೆಂದರೆ ನಮ್ಮ ಮನೆ ಜಗಲಿಯಲ್ಲಿ ಈ ಕಂಬದಿಂದ ಆ ಕಂಬಕ್ಕೆ ಮೂರು ಹಗ್ಗ ಬೀಳುತ್ತವೆ. ಹೊಸನಗರದ ಕಡೆ ಬೆಳೆದವರಿಗೆ ಈ ಹಗ್ಗಗಳ ಪರಿಚಯ ಹೇಳಬೇಕಿಲ್ಲ. ಮಳೆಗಾಲ ಮುಗಿಯುವವರೆಗೂ ತಲೆ ಬಗ್ಗಿಸಿಯೇ ಓಡಾಡಬೇಕು, ಇಲ್ಲದಿದ್ದರೆ ಯಾರದ್ದೋ ಒದ್ದೆ ಲುಂಗಿ ಮುಖಕ್ಕೆ ತಾಗುತ್ತದೆ. ಯಾವ ಬಟ್ಟೆ ಎಷ್ಟು ಹೊತ್ತಿಗೆ ಒಣಗುತ್ತದೆ ಎನ್ನುವುದು ಅಮ್ಮನಿಗೆ ಬಾಯಿಪಾಠ. ಪಾಲಿಯೆಸ್ಟರ್ ಸೀರೆ ಬೆಳಿಗ್ಗೆ ಹಾಕಿದರೆ ಸಂಜೆಗೆ ತೆಗೆಯಬಹುದು. ಅಪ್ಪನ ಹತ್ತಿ ಪಂಚೆಗೆ ಎರಡು ದಿನ. ನನ್ನ ಜೀನ್ಸ್ ಮಾತ್ರ ನಾಲ್ಕನೇ ದಿನವೂ ಸೊಂಟದ ಪಟ್ಟಿಯಲ್ಲಿ, ಜೇಬಿನ ಒಳಗೆ ತಣ್ಣಗೇ ಇರುತ್ತಿತ್ತು. ಕೊನೆಗೆ ಬಚ್ಚಲೊಲೆಯ ಮೇಲಿನ ಗಳಕ್ಕೆ ಹೋಗಿ, ಹೊಗೆ ವಾಸನೆ ಹೊತ್ತು ವಾಪಸು ಬರುತ್ತಿತ್ತು.

ಚಾರಣಕ್ಕೆ ಎಂಥ ಬಟ್ಟೆ ಬೇಕು ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಆ ಹಗ್ಗ. ಈಗ ಶಿವಮೊಗ್ಗದಲ್ಲಿ ಕೆಲಸ. ರಜೆ ಸಿಕ್ಕಾಗ ಕೊಡಚಾದ್ರಿ, ಕುಂದಾದ್ರಿ, ಆಗುಂಬೆಯ ಸುತ್ತಿನ ಕಾಡು, ಒಮ್ಮೊಮ್ಮೆ ಚಿಕ್ಕಮಗಳೂರಿನ ಬೆಟ್ಟಗಳು ಅಂತ ನಡೆಯುತ್ತೇನೆ. ಜೊತೆಗೆ ಬರುವ ಹೊಸಬರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹೊರಡುವ ಹಿಂದಿನ ರಾತ್ರಿ ಅವರದ್ದೆಲ್ಲ ಒಂದೇ ಪ್ರಶ್ನೆ: "ಅಕ್ಕಾ, ಎಂತ ಹಾಕ್ಕಂಡು ಬರ್ಲಿ?" ಫೋನಿನಲ್ಲಿ ಹೇಳಿದ್ದು ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ನನಗೂ ಇದು ಸುಲಭಕ್ಕೆ ತಿಳಿದದ್ದಲ್ಲ. ಕೆಲವು ವರ್ಷದ ಹಿಂದೆ, ಮಳೆ ಇನ್ನೂ ಪೂರ್ತಿ ಹೋಗದ ದಿನಗಳಲ್ಲಿ, ಚಿಕ್ಕಪ್ಪನ ಮಗನನ್ನು ಕೊಡಚಾದ್ರಿಗೆ ಕರೆದುಕೊಂಡು ಹೋಗಿದ್ದೆ. ಅವನು ಓದಿದ್ದು, ಬೆಳೆದದ್ದು ಬೆಂಗಳೂರಿನಲ್ಲಿ. ಜೀನ್ಸ್, ದಪ್ಪ ಹತ್ತಿಯ ಟೀ ಶರ್ಟ್, ಅದರ ಮೇಲೆ ಟೋಪಿಯಿದ್ದ ಹತ್ತಿಯದೇ ಜಾಕೆಟ್. ಬೆಚ್ಚಗಿದೆಯಲ್ಲ ಎಂದು ನಾನೂ ಸುಮ್ಮನಿದ್ದೆ. ನಿಟ್ಟೂರಿನ ಕಡೆಯಿಂದ ನಡೆದು ಹೊರಟೆವು. ಕಾಡಿನೊಳಗೆ ಇರುವಷ್ಟು ಹೊತ್ತು ಏನೂ ಆಗಲಿಲ್ಲ, ಬೆವರು ಸುರಿಸುತ್ತ ಹಾಡು ಹೇಳಿಕೊಂಡು ಹತ್ತಿದ. ಕಾಡು ಮುಗಿದು ಹುಲ್ಲಿನ ಬೋಳು ಶುರುವಾದಾಗ ಗಾಳಿ ಬಂತು. ಅದರ ಹಿಂದೆಯೇ ಮಂಜು, ಅದರ ಜೊತೆ ಜಿಟಿಜಿಟಿ ಮಳೆ. ಸರ್ವಜ್ಞ ಪೀಠದ ಹತ್ತಿರ ಬರುವಷ್ಟರಲ್ಲಿ ಹುಡುಗನ ಹಾಡು ನಿಂತಿತ್ತು. ತುಟಿ ನೀಲಿ. ಬ್ಯಾಗಿನ ಜಿಪ್ ಎಳೆಯಲು ಬೆರಳು ಬರುತ್ತಿರಲಿಲ್ಲ. ಕೇಳಿದ ಮಾತಿಗೆ ತೊದಲುತ್ತ ಉತ್ತರ ಕೊಡುತ್ತಿದ್ದ. ಚಳಿಗೆ ನಡುಗುವುದು ಬೇರೆ, ಇದು ಬೇರೆ ಎಂದು ನನ್ನ ಎದೆ ಹೊಡೆದುಕೊಳ್ಳತೊಡಗಿತು.

ಹೇಗೋ ಕೈಹಿಡಿದು ಕೆಳಗಿನ ದೇವಸ್ಥಾನದವರೆಗೆ ಇಳಿಸಿಕೊಂಡು ಬಂದೆ. ಅಲ್ಲಿ ಇದ್ದ ಹಿರಿಯರೊಬ್ಬರು ಅವನನ್ನು ನೋಡಿದ ತಕ್ಷಣ ಹೇಳಿದ್ದು, "ಬಿಸಿ ಚಾ ಆಮೇಲೆ ಕೊಡಿ, ಮೊದ್ಲು ಆ ಒದ್ದೆ ಬಟ್ಟೆ ಬಿಚ್ಸಿ" ಎಂದು. ತಮ್ಮ ಹೆಗಲ ಮೇಲಿದ್ದ ಕರಿ ಕಂಬಳಿಯನ್ನೇ ಅವನಿಗೆ ಸುತ್ತಿದರು. ಕಂಬಳಿಯೂ ಒದ್ದೆಯೇ ಇತ್ತು, ಮೇಲ್ಮೈಯಲ್ಲಿ ಮಳೆಹನಿ ಸಾಲಾಗಿ ಕೂತಿತ್ತು. ಆದರೂ ಅರ್ಧ ಗಂಟೆಯಲ್ಲಿ ಅವನ ಮುಖಕ್ಕೆ ಬಣ್ಣ ಬಂತು. ನನ್ನ ಬ್ಯಾಗಿನಲ್ಲಿ ತಿಂಡಿ ಇತ್ತು, ಟಾರ್ಚ್ ಇತ್ತು, ಅವನಿಗೆ ಹಾಕಲು ಒಂದು ಒಣ ಅಂಗಿ ಇರಲಿಲ್ಲ. ಅವನಿಗಿಂತ ಹತ್ತು ವರ್ಷ ದೊಡ್ಡವಳು, ಮಲೆನಾಡಿನವಳು, ಕರೆದುಕೊಂಡು ಹೋದವಳು ನಾನು. ಆ ತಪ್ಪು ನನ್ನದೇ. ಅಂದಿನಿಂದ ಈ ವಿಷಯವನ್ನು ಹಗುರವಾಗಿ ತೆಗೆದುಕೊಂಡಿಲ್ಲ.

ಕೊಡಚಾದ್ರಿಯ ಎತ್ತರ 1,343 ಮೀಟರ್. ಹಿಮಾಲಯ ನೋಡಿದವರಿಗೆ ಇದೊಂದು ಎತ್ತರ ಅನ್ನಿಸಲಿಕ್ಕಿಲ್ಲ. ಆದರೆ ಪ್ರತಿ ಸಾವಿರ ಮೀಟರಿಗೆ ಸುಮಾರು 6 ಡಿಗ್ರಿಯಷ್ಟು ತಾಪ ಇಳಿಯುತ್ತದೆ. ಅದರ ಮೇಲೆ ಕಡಲ ಕಡೆಯಿಂದ ನೇರವಾಗಿ ಬಂದು ಬಡಿಯುವ ಗಾಳಿ. ಅದರ ಮೇಲೆ ಮೈಗಂಟಿದ ನೀರು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ, ಆ ಗಾಳಿಯ ಜಾಗವನ್ನು ನೀರು ತುಂಬಿತೆಂದರೆ ಮೈಯ ಬಿಸಿಯೆಲ್ಲ ಅದರ ಮೂಲಕ ಹೊರಗೆ ಹರಿದುಹೋಗುತ್ತದೆ. ಹಿಮ ಬೀಳದ ಊರಿನಲ್ಲೂ, ಬರೀ ಮಳೆ ಗಾಳಿಯಲ್ಲೂ, ದೇಹ ಅಪಾಯದ ಮಟ್ಟಕ್ಕೆ ತಣ್ಣಗಾಗಬಹುದು ಎನ್ನುವುದನ್ನು ನಮ್ಮಲ್ಲಿ ಬಹಳ ಜನ ನಂಬುವುದೇ ಇಲ್ಲ.

ಹತ್ತಿಯ ಮೇಲೆ ನನಗೆ ದ್ವೇಷವಿಲ್ಲ. ಏಪ್ರಿಲ್ ಬಿಸಿಲಿನಲ್ಲಿ, ಶಿವಮೊಗ್ಗ ಪೇಟೆಯ ಸೆಕೆಯಲ್ಲಿ, ಹತ್ತಿಯಂಥ ಬಟ್ಟೆ ಇನ್ನೊಂದಿಲ್ಲ. ಅದು ಬೆವರನ್ನು ಹೀರಿಕೊಂಡು ನಿಧಾನಕ್ಕೆ ಆರಿಸುತ್ತದೆ, ಮೈ ತಂಪಾಗುತ್ತದೆ. ಬೇಸಿಗೆಯಲ್ಲಿ ನಮಗೆ ಬೇಕಾದ ಆ ಗುಣವೇ ಮಳೆಯ ಬೆಟ್ಟದಲ್ಲಿ ಕುತ್ತಾಗುತ್ತದೆ. ಸಾಧಾರಣ ಹವೆಯಲ್ಲಿ ಹತ್ತಿಯ ನೂಲು ತನ್ನ ತೂಕದ 7–8 ಶೇಕಡಾದಷ್ಟು ತೇವವನ್ನು ಒಳಗೆ ಹಿಡಿದಿರುತ್ತದೆ, ಪಾಲಿಯೆಸ್ಟರ್ 0.4 ಶೇಕಡಾ ಮಾತ್ರ. ಜಗಲಿಯ ಹಗ್ಗದ ಮೇಲೆ ಅಮ್ಮ ನೋಡಿ ತಿಳಿದದ್ದು ಇದನ್ನೇ. ಹಾಗಾಗಿ ಮಳೆಗಾಲದ ನಡಿಗೆಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಗುವ ಸಾದಾ ಆಟದ ಜೆರ್ಸಿ ಸಾಕು, ಹಿಂಡಿ ಕೊಡವಿದರೆ ಮತ್ತೆ ಹಾಕಿಕೊಳ್ಳಬಹುದು. ಸಾವಿರಾರು ರೂಪಾಯಿಯ ಹೊರದೇಶದ ಅಂಗಿ ಬೇಕೇ ಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜೆರ್ಸಿಗೂ ತೊಂದರೆಗಳಿವೆ. ಎರಡನೇ ದಿನಕ್ಕೆ ಬೆವರು ನಾರುತ್ತದೆ, ಬೆಂಕಿಯ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆಯ ಮುಂದೆ ಮೈ ಕಾಯಿಸುವಾಗ ಅದನ್ನು ತೆಗೆದಿಟ್ಟು ಕೂರುವುದು ಒಳ್ಳೆಯದು.

ಉಣ್ಣೆಯ ಕತೆಯೇ ಬೇರೆ. ಅದು ಹತ್ತಿಯ ಎರಡರಷ್ಟು ತೇವ ಹಿಡಿಯುತ್ತದೆ. ತೇವದ ಹವೆಯಲ್ಲಿ ತನ್ನ ತೂಕದ ಸುಮಾರು 30 ಶೇಕಡಾದಷ್ಟು ನೀರಾವಿಯನ್ನು ಎಳೆಗಳ ಒಳಗೇ ಸೇರಿಸಿಕೊಂಡರೂ ಮುಟ್ಟಿದವರಿಗೆ ಅಷ್ಟಾಗಿ ಒದ್ದೆ ಅನ್ನಿಸುವುದಿಲ್ಲ. ಹಾಗೆ ತೇವ ಹೀರುವಾಗ ಅದು ತುಸು ಶಾಖವನ್ನೂ ಬಿಡುತ್ತದೆ. ಎಳೆಗಳು ಗುಂಗುರಾಗಿರುವುದರಿಂದ ನೆನೆದರೂ ಒಂದಕ್ಕೊಂದು ಅಂಟಿ ಚಪ್ಪಟೆಯಾಗುವುದಿಲ್ಲ, ನಡುವಿನ ಗಾಳಿ ಹಾಗೇ ಉಳಿಯುತ್ತದೆ. ಜೊತೆಗೆ ಕುರಿಯ ಮೈಯ ಜಿಡ್ಡು. ಬೆಟ್ಟದ ಮೇಲೆ ಆ ಹಿರಿಯರ ಒದ್ದೆ ಕಂಬಳಿ ಹುಡುಗನನ್ನು ಹೇಗೆ ಬೆಚ್ಚಗೆ ಮಾಡಿತು ಎನ್ನುವುದು ನನಗೆ ಅರ್ಥವಾದದ್ದು ಇದನ್ನೆಲ್ಲ ಆಮೇಲೆ ಓದಿಕೊಂಡಾಗ.

ನಮ್ಮ ಮನೆಯಲ್ಲೂ ಅಂಥದ್ದೊಂದು ಕಂಬಳಿ ಇತ್ತು. ಬಯಲುಸೀಮೆಯ ಕುರಿಗಾಹಿಗಳ ಕುರಿಯ ಉಣ್ಣೆ, ಅಲ್ಲಿಯ ಮಗ್ಗ. ನಮ್ಮ ಕಡೆಗೆ ಅದು ಮಳೆಗಾಲಕ್ಕೆ ಮುಂಚೆ ಮಾರಾಟಕ್ಕೆ ಬರುತ್ತಿತ್ತು. ಮಳೆಯೇ ಕಡಿಮೆಯಿರುವ ಊರಿನ ಬಟ್ಟೆ ಮಳೆಯೇ ಎಲ್ಲವೂ ಆಗಿರುವ ಊರಿನವರನ್ನು ಕಾಯ್ದಿತು ಎನ್ನುವುದು ನನಗೆ ಇಂದಿಗೂ ಸೋಜಿಗ. ಅಪ್ಪ ಅದನ್ನು ಮಡಚಿ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡರೆ ಬೆನ್ನು, ಹೆಗಲು, ಮೊಣಕಾಲಿನ ತನಕ ಎಲ್ಲ ಮುಚ್ಚುತ್ತಿತ್ತು. ಎರಡೂ ಕೈ ಖಾಲಿ, ಕತ್ತಿ ಹಿಡಿಯಬಹುದು, ಹಾರೆ ಹಿಡಿಯಬಹುದು. ಮುಂದೆ ಎಲ್ಲ ತೆರೆದೇ ಇರುವುದರಿಂದ ಬೆವರಿನ ಹಬೆ ಹೊರಗೆ ಹೋಗುತ್ತಿತ್ತು. ಬಗ್ಗಿ ನಾಟಿ ಮಾಡುವ ಹೆಂಗಸರಿಗೆ ಗೊರಬು. ಬಿದಿರ ಸೀಳಿನ ಹೆಣಿಗೆಯ ನಡುವೆ ಎಲೆ ಹಾಸಿ ಮಾಡಿದ ಅದು ಆಮೆಯ ಚಿಪ್ಪಿನ ಹಾಗೆ ಬೆನ್ನ ಮೇಲೆ ಕೂರುತ್ತದೆ, ಕೆಳಗಿನಿಂದ ಗಾಳಿ ಆಡುತ್ತದೆ. ಆಮೇಲೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಕೊಪ್ಪೆ ಬಂತು, ಹಗುರ, ಪುಕ್ಕಟೆ. ಕಂಬಳಿ ನಾಗಂದಿಗೆ ಸೇರಿತು. ಕಂಬಳಿ ಹೊತ್ತು ಬೆಟ್ಟ ಹತ್ತಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ನೆನೆದರೆ ಅದರ ಭಾರ ನಮ್ಮಂಥವರಿಗೆ ಆಗುವಂಥದ್ದಲ್ಲ. ತೆಳು ಉಣ್ಣೆಯ ಒಂದು ಬನಿಯನ್ ಅಥವಾ ಸ್ವೆಟರ್ ಬ್ಯಾಗಿನಲ್ಲಿರಲಿ, ಅಷ್ಟು ಸಾಕು.

ಇನ್ನು ರೇನ್‌ಕೋಟ್. ಹೊಸಬರು ಅತಿ ಹೆಚ್ಚು ದುಡ್ಡು ಹಾಕುವುದು ಇದಕ್ಕೆ, ಅತಿ ಹೆಚ್ಚು ಬೇಸರಪಡುವುದೂ ಇದರಿಂದಲೇ. ಒಮ್ಮೆ ನಾನೂ ಅಂಗಡಿಯೊಂದರಲ್ಲಿ, ಮಳೆ ಒಳಗೆ ಬರುವುದಿಲ್ಲ, ಬೆವರು ಹೊರಗೆ ಹೋಗುತ್ತದೆ ಎಂಬ ಮಾತು ನಂಬಿ, ಒಂದು ತಿಂಗಳ ಉಳಿತಾಯ ಕೊಟ್ಟು ಜಾಕೆಟ್ ತಂದೆ. ಆಗುಂಬೆಯಲ್ಲಿ ಪುಷ್ಯ ಮಳೆಯ ಒಂದು ದಿನ ಅದನ್ನು ಹಾಕಿಕೊಂಡು ಎರಡು ಗಂಟೆ ನಡೆದೆ. ಬಿಚ್ಚಿದಾಗ ಒಳಗಿನ ಅಂಗಿ ಹಿಂಡುವಷ್ಟು ಒದ್ದೆ. ಮೊದಲು ಹೊಲಿಗೆ ಸೋರಿದೆ ಅಂದುಕೊಂಡೆ. ಸೋರಿರಲಿಲ್ಲ, ಎಲ್ಲ ನನ್ನದೇ ಬೆವರು.

ಇದರ ಕಾರಣ ತಿಳಿದರೆ ಎಷ್ಟೋ ಜನರ ದುಡ್ಡು ಉಳಿಯುತ್ತದೆ. ಇಂಥ ಜಾಕೆಟ್‌ಗಳ ಮೂಲ 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ರಭಸದಿಂದ ಎಳೆದು ಕಂಡುಕೊಂಡ ಹಿಗ್ಗಿದ ಪೊರೆಯಲ್ಲಿದೆ. ಅದೇ ಮುಂದೆ ಗೋರ್‌ಟೆಕ್ಸ್ ಎಂದು ಹೆಸರಾಯಿತು. ಪೊರೆಯ ರಂಧ್ರಗಳು ಎಷ್ಟು ಸಣ್ಣವೆಂದರೆ ನೀರಿನ ಹನಿ ತೂರುವುದಿಲ್ಲ, ಆವಿ ಮಾತ್ರ ತೂರುತ್ತದೆ. ಆದರೆ ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗೆ ಹೆಚ್ಚು, ಹೊರಗೆ ಕಡಿಮೆ ಇದ್ದಾಗ ಮಾತ್ರ ಹರಿಯುತ್ತದೆ. ಚಳಿಯ, ಒಣಹವೆಯ ಬೆಟ್ಟಗಳಲ್ಲಿ ಹೊರಗೆ ಆವಿ ತೀರಾ ಕಡಿಮೆ, ಅಲ್ಲಿ ಜಾಕೆಟ್ ಚೆನ್ನಾಗಿ ಉಸಿರಾಡುತ್ತದೆ. ನಮ್ಮ ಜುಲೈ ತಿಂಗಳಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿ ತುಳುಕುತ್ತಿರುತ್ತದೆ, ಜೊತೆಗೆ ಹವೆ ಅಷ್ಟು ತಣ್ಣಗೂ ಇರುವುದಿಲ್ಲ. ಒಳಗಿನ ಬೆವರಿಗೆ ಹೋಗಲು ಜಾಗವೇ ಇಲ್ಲ. ಮೇಲ್ಬಟ್ಟೆಗೆ ಹಚ್ಚಿದ ನೀರು ಜಾರಿಸುವ ಲೇಪ ಸವೆದ ಮೇಲೆ ಬಟ್ಟೆ ನೆಂದು ಉಳಿದ ದಾರಿಯೂ ಮುಚ್ಚುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಪೇಟೆಯ ಸೋನೆಗೆ ನಿಂತ ಜಾಕೆಟ್ ಘಟ್ಟದ ಜಡಿಮಳೆಗೂ ನಿಲ್ಲುತ್ತದೆ ಅಂದುಕೊಳ್ಳಲಾಗದು.

ನಾನೀಗ ಮಳೆಗಾಲದಲ್ಲಿ ನಡೆಯುವಾಗ ಒದ್ದೆಯಾಗುತ್ತೇನೆ. ಅದನ್ನು ಒಪ್ಪಿಕೊಂಡೇ ಮನೆ ಬಿಡುತ್ತೇನೆ. ಅಗಲದಾರಿಯಲ್ಲಿ ಛತ್ರಿ, ಹೌದು, ಕರಿ ಬಟ್ಟೆಯ, ಬಾಗಿದ ಹಿಡಿಯ ನಮ್ಮ ಮಾಮೂಲಿ ಛತ್ರಿ, ಅದರಷ್ಟು ಗಾಳಿಯಾಡುವ ರೇನ್‌ಕೋಟ್ ನಾನಿನ್ನೂ ನೋಡಿಲ್ಲ. ಪೊದೆ ಇರುವಲ್ಲಿ, ಗಾಳಿ ಇರುವಲ್ಲಿ ಬ್ಯಾಗನ್ನೂ ಸೇರಿಸಿ ಮುಚ್ಚುವ ಸಡಿಲವಾದ ಕೊಪ್ಪೆಯಂಥ ಹೊದಿಕೆ. ಜಾಕೆಟ್ ಹಾಕುವುದು ಬೋಳು ಗುಡ್ಡದ ಮೇಲೆ ಗಾಳಿ ತಡೆಯಲು ಮಾತ್ರ. ಬ್ಯಾಗಿನ ತಳದಲ್ಲಿ, ಎರಡು ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಬಾಯಿ ಕಟ್ಟಿ, ಒಂದು ಜೊತೆ ಒಣ ಬಟ್ಟೆ: ಅಂಗಿ, ಪ್ಯಾಂಟ್, ಒಳ ಉಡುಪು, ಸಾಕ್ಸ್, ತೆಳು ಸ್ವೆಟರ್. ನಡೆಯುವಾಗ ಎಷ್ಟೇ ಚಳಿಯಾದರೂ ಇದನ್ನು ತೆಗೆಯಬಾರದು. ನಡೆಯುವ ಮೈ ತಾನೇ ಬಿಸಿ ಹುಟ್ಟಿಸುತ್ತದೆ. ನಿಂತಾಗ, ರಾತ್ರಿ ತಂಗಿದಾಗ, ಅಥವಾ ಯಾರಿಗಾದರೂ ಅವತ್ತು ನನ್ನ ತಮ್ಮನಿಗೆ ಆದಂತೆ ಆದಾಗ ಇದು ಹೊರಗೆ ಬರುತ್ತದೆ. ಮರುದಿನ ಬೆಳಿಗ್ಗೆ ಹೊರಡುವಾಗ ಮತ್ತೆ ನಿನ್ನೆಯ ಒದ್ದೆ ಬಟ್ಟೆಯನ್ನೇ ಹಾಕಬೇಕು. ಹತ್ತು ನಿಮಿಷ ಮೈ ಜುಮ್ಮೆನ್ನುತ್ತದೆ, ಆಮೇಲೆ ಮರೆಯುತ್ತದೆ. ಒಣ ಬಟ್ಟೆಯನ್ನೇ ಹಾಕಿಕೊಂಡು ಹೊರಟರೆ ಅರ್ಧ ಗಂಟೆಯಲ್ಲಿ ಎರಡು ಜೊತೆಯೂ ಒದ್ದೆ.

ಕಾಲಿಗೆ ಚರ್ಮದ ಬೂಟು ಬೇಡ. ನೀರು ಹೊಗದ ಬೂಟೂ ಬೇಡ, ಹಳ್ಳ ದಾಟುವಾಗ ಮೇಲಿನಿಂದ ನುಗ್ಗಿದ ನೀರು ಅದರೊಳಗೆ ಕೊಳಗದಲ್ಲಿ ನಿಂತ ಹಾಗೆ ನಿಲ್ಲುತ್ತದೆ. ನೀರು ಬಸಿದುಹೋಗುವ ಜಾಲರಿ ಬಟ್ಟೆಯ, ಅಡಿಯಲ್ಲಿ ಆಳವಾದ ಹಲ್ಲಿರುವ ಶೂ ಒಳ್ಳೆಯದು. ಹಾವಸೆ ಕಟ್ಟಿದ ಜಂಬಿಟ್ಟಿಗೆ ಕಲ್ಲಿನ ಮೇಲೆ ಮಾತ್ರ ಎಂಥ ಶೂ ಆದರೂ ಜಾರುತ್ತದೆ, ಅಲ್ಲಿ ನಿಧಾನವೇ ಮದ್ದು. ಇಂಬಳಕ್ಕೆ, ಅಂದರೆ ಕಾಡಿನ ನೆಲದ ಜಿಗಣೆಗೆ, ಮಾಮೂಲಿ ಸಾಕ್ಸ್ ಲೆಕ್ಕವೇ ಅಲ್ಲ. ಹೆಣಿಗೆಯ ಸಂದಿನಲ್ಲಿ ಸೂಜಿಯಂತೆ ತೆಳ್ಳಗಾಗಿ ತೂರುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗೆ ಬಂದು ದಾರ ಬಿಗಿಯುವ ಲೀಚ್ ಸಾಕ್ಸ್ ತಡೆಯುತ್ತದೆ. ಇದನ್ನು ದರ್ಜಿಯ ಹತ್ತಿರವೂ ಹೊಲಿಸಬಹುದು. ಕೋಲಿನ ತುದಿಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ನಮ್ಮ ಹಳೆಯ ಉಪಾಯ. ಅದು ಹತ್ತಿದ ಇಂಬಳ ಬಿಡಿಸಲು ಸರಿ. ಕಾಲಿಗೆ ಮೊದಲೇ ಸವರಿಕೊಂಡ ಉಪ್ಪು ಮಳೆಯಲ್ಲಿ ನಾಲ್ಕು ಹೆಜ್ಜೆಗೆ ತೊಳೆದುಹೋಗುತ್ತದೆ.

ಹೆಣ್ಣುಮಕ್ಕಳಿಗೆ ಬೇರೆಯಾಗಿ ಒಂದೆರಡು ಮಾತು, ಏಕೆಂದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಲೆಗ್ಗಿಂಗ್ಸ್ ಹಾಕಿ ಬರಬೇಡಿ. ಸೀಗೆ ಮುಳ್ಳು, ಬೆತ್ತದ ಮುಳ್ಳು ಅದನ್ನು ಕಾಗದದಂತೆ ಸೀಳುತ್ತವೆ, ಇಂಬಳಕ್ಕೂ ಅದು ಅಡ್ಡಿಯಲ್ಲ. ದುಪಟ್ಟಾ ಮನೆಯಲ್ಲೇ ಇರಲಿ. ಸಡಿಲವಾದ, ಬೇಗ ಒಣಗುವ, ನಿಜವಾದ ಜೇಬುಗಳಿರುವ ಪ್ಯಾಂಟ್ ಹುಡುಕಿ, ಹೆಂಗಸರ ವಿಭಾಗದಲ್ಲಿ ಸಿಗದಿದ್ದರೆ ಗಂಡಸರದ್ದೇ ಕೊಂಡು ಸೊಂಟ ಹಿಡಿಸಿ. ಒಳ ಉಡುಪು ಹತ್ತಿಯದಾದರೆ ನೆನೆದು ತೊಡೆಸಂದಿ, ಹೆಗಲು ಉಜ್ಜಿ ಹುಣ್ಣಾಗುತ್ತದೆ. ಆಟದವರು ಹಾಕುವ, ಬೇಗ ಆರುವ ಬಟ್ಟೆಯದ್ದು ಇದಕ್ಕೆ ಒಳ್ಳೆಯದು. ಕೊಬ್ಬರಿ ಎಣ್ಣೆ ಮೊದಲೇ ಹಚ್ಚಿಕೊಂಡರೆ ಇನ್ನೂ ಒಳ್ಳೆಯದು. ತಿಂಗಳ ದಿನಗಳಿದ್ದರೆ ಬರಬಾರದು ಅಂತೇನಿಲ್ಲ. ಒಂದು ಗಾಢ ಬಣ್ಣದ ಪ್ಯಾಂಟ್, ಬಳಸಿದ ಪ್ಯಾಡ್ ವಾಪಸು ತರಲು ಬಾಯಿ ಮುಚ್ಚುವ ಚೀಲ ಇರಲಿ. ಬಟ್ಟೆ ಬದಲಿಸಲು ಮರೆ ಸಿಗದ ಜಾಗದಲ್ಲಿ ನಮ್ಮ ಸಾದಾ ನೈಟಿಯಷ್ಟು ಉಪಕಾರಿ ಇನ್ನೊಂದಿಲ್ಲ. ತಲೆಯಿಂದ ಇಳಿಬಿಟ್ಟುಕೊಂಡು ಅದರೊಳಗೇ ಎಲ್ಲ ಬದಲಿಸಬಹುದು, ರಾತ್ರಿ ಅದೇ ಮಲಗುವ ಬಟ್ಟೆ.

ಮಳೆ ಹೋಗಿ ದಾರಿ ಒಣಗಿದ ಮೇಲೆ ಎಲ್ಲರಿಗೂ ನಿರಾಳ. ಇಂಬಳ ಇಲ್ಲ, ಜಾರಿಕೆ ಇಲ್ಲ, ಚಡ್ಡಿ, ತೋಳಿಲ್ಲದ ಬನಿಯನ್ ಹಾಕಿ ಹೊರಡುವವರನ್ನು ಡಿಸೆಂಬರಿನಿಂದ ನೋಡಬಹುದು. ನನಗೆ ಹೆಚ್ಚು ಹೆದರಿಕೆ ಆ ಕಾಲದ್ದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಹಬ್ಬಿ, ಆ ರೋಗವನ್ನು ಮೊದಲು ಗುರುತಿಸಿದ್ದು 1957ರಲ್ಲಿ. ಜಗತ್ತಿನ ವೈದ್ಯರೆಲ್ಲ ಅದನ್ನು ನಮ್ಮ ಕಾಡಿನ ಹೆಸರಿನಿಂದಲೇ ಕರೆಯುತ್ತಾರೆ, ನಮಗೆ ಅದು ಮಂಗನ ಕಾಯಿಲೆ. ಹರಡುವುದು ರಕ್ತ ಹೀರುವ ಸಣ್ಣ ಹುಳ ಉಣುಗುಗಳಿಂದ. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ತೆಗೆದುಕೊಂಡ ಜೀವಗಳನ್ನು ಈ ಜಿಲ್ಲೆಯವರು ಯಾರೂ ಮರೆತಿಲ್ಲ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವ ಮರಿ ಉಣುಗು ರಾಗಿ ಕಾಳಿಗಿಂತ ಚಿಕ್ಕದು, ಉದುರಿದ ಒಣ ಎಲೆಯ ದರಗಿನಲ್ಲಿ, ಹುಲ್ಲಿನ ತುದಿಯಲ್ಲಿ ಕಾಯುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಇಲ್ಲಿ ಬಟ್ಟೆಯೆಂದರೆ ಬೇಲಿ. ತುಂಬುತೋಳು, ಗುಂಡಿ ಹಾಕಿದ ಮಣಿಕಟ್ಟು, ಸಾಕ್ಸಿನೊಳಗೆ ಸೇರಿಸಿದ ಪ್ಯಾಂಟಿನ ತುದಿ, ಪ್ಯಾಂಟಿನೊಳಗೆ ಸೇರಿಸಿದ ಅಂಗಿ. ಬಣ್ಣ ತಿಳಿಯಾಗಿರಬೇಕು, ಬಿಳಿ, ಕೆನೆ, ಹಳದಿ ಹೀಗೆ, ಹತ್ತಿದ ಉಣುಗು ಕಣ್ಣಿಗೆ ಬೀಳಲಿ ಎಂದು. ಹೆಜ್ಜೇನಿಗೂ ಕಡುಬಣ್ಣ, ಉಣ್ಣೆಯಂಥ ಒರಟು ಬಟ್ಟೆ, ಸೆಂಟಿನ ವಾಸನೆ ಆಗದು. ಕಲ್ಲುಬಂಡೆಯ ಕಡೆ ಹೋಗುವವರಿಗೆ ತಿಳಿಬಣ್ಣ ಹೀಗೆ ಎರಡು ಬಗೆಯಲ್ಲಿ ಕಾವಲು. ಆರೋಗ್ಯ ಇಲಾಖೆಯವರು ಕಾಡಂಚಿನ ಊರುಗಳಲ್ಲಿ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಡೀಪಾ ಎಣ್ಣೆ ಹಂಚುತ್ತಾರೆ, ಊರವರ ಹತ್ತಿರ ಕೇಳಿ ಹಚ್ಚಿಕೊಳ್ಳಿ. ದರಗಿನ ಮೇಲೆ ಕೂರಬೇಡಿ, ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ.

ಇದನ್ನೆಲ್ಲ ಬರೆಯುವಾಗ ಅಮ್ಮ ದರಗು ಗುಡಿಸಲು ಬೆಟ್ಟಕ್ಕೆ ಹೋಗುತ್ತಿದ್ದ ರೂಪವೇ ಕಣ್ಣಿಗೆ ಕಟ್ಟುತ್ತದೆ. ಎತ್ತಿ ಕಟ್ಟಿದ ಸೀರೆ, ಅದರ ಮೇಲೆ ಅಪ್ಪನ ಹಳೆಯ ತುಂಬುತೋಳಿನ ಬಿಳಿ ಅಂಗಿ, ಕೊರಳ ಗುಂಡಿಯವರೆಗೂ ಹಾಕಿದ್ದು, ತಲೆಗೆ ಬಿಗಿದ ಟವೆಲು. ನಮ್ಮ ಕಡೆ ತೋಟಕ್ಕೆ, ಬೆಟ್ಟಕ್ಕೆ ಹೋಗುವ ಹೆಂಗಸರೆಲ್ಲ ಹಾಗೇ. ಪೇಟೆ ಶಾಲೆಗೆ ಸೇರಿದ ಮೇಲೆ ಗೆಳತಿಯರ ಎದುರು ಅಮ್ಮ ಆ ವೇಷದಲ್ಲಿ ಬಂದರೆ ನನಗೆ ನಾಚಿಕೆಯಾಗುತ್ತಿತ್ತು. ಆ ನಾಚಿಕೆಯನ್ನು ನೆನೆದರೆ ಈಗ ನೋವಾಗುತ್ತದೆ.

ಹೋದ ಜನವರಿಯಲ್ಲಿ ಊರಿಗೆ ಹೋದಾಗ ಹಿಂದಿನ ಬೆಟ್ಟ ಸುತ್ತಿ ಬರೋಣ ಎಂದು ಹೊರಟೆ. ಬಿಸಿಲು ಚುರುಕಾಗಿತ್ತು, ತೋಳು ಮಡಚಿಕೊಂಡಿದ್ದೆ. ಅಮ್ಮ ಒಳಗಿನಿಂದ ಅದೇ ಅಂಗಿ ತಂದು ಕೊಟ್ಟಳು. ಬಿಳಿ ಹೋಗಿ ಅಡಿಕೆ ಕಲೆಯ ಬಣ್ಣ ಬಂದಿತ್ತು, ಕೊರಳಪಟ್ಟಿ ಹರಿದಿತ್ತು, ಮಣಿಕಟ್ಟಿನ ಗುಂಡಿ ಮಾತ್ರ ಹೊಸದು. "ಇದನ್ನ ಹಾಕ್ಕ ಮಾರಾಯ್ತಿ. ತೋಳು ಇಳಿಸ್ಕ" ಎಂದಳು. ಸಂಜೆ ವಾಪಸು ಬಂದವಳನ್ನು ಒಳಗೆ ಬಿಡಲಿಲ್ಲ, ನೇರ ಬಚ್ಚಲಿಗೆ ಕಳಿಸಿದಳು. ಹಂಡೆ ಕುದಿಯುತ್ತಿತ್ತು. ಅಂಗಿ ಬಿಚ್ಚಿ ಬಲ್ಬಿನ ಬೆಳಕಿಗೆ ಹಿಡಿದು, ಕನ್ನಡಕ ಮೇಲೇರಿಸಿ, ಹೊಲಿಗೆ ಹೊಲಿಗೆಯನ್ನೂ ಬೆರಳಲ್ಲಿ ಸರಿಸಿ ನೋಡಿದಳು. ಎಡ ಮಣಿಕಟ್ಟಿನ ಮಡಿಕೆಯಲ್ಲಿ ಒಂದು, ಹೊಸ ಗುಂಡಿಯ ಪಕ್ಕದಲ್ಲೇ ಇನ್ನೊಂದು, ಎರಡೂ ನಿಧಾನಕ್ಕೆ ಕಾಲು ಆಡಿಸುತ್ತಿದ್ದವು. ಅಮ್ಮ ಏನೂ ಹೇಳಲಿಲ್ಲ. ಅಂಗಿಯನ್ನು ಬಕೆಟ್ಟಿಗೆ ಹಾಕಿ, ಹಂಡೆಯಿಂದ ಒಂದು ತಂಬಿಗೆ ಕುದಿನೀರು ಮೊಗೆದು ಸುರಿದಳು, ಆಮೇಲೆ ಇನ್ನೊಂದು ತಂಬಿಗೆ.